ಕೂಲಿ ಕೇಳದ ಕಡಜ

ಸೆಪ್ಟೆಂಬರ್ ಮೂರನೆಯ ತಾರೀಕು. ಬೆಳಿಗ್ಗೆ ಮೋಡವಿತ್ತು, ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಬಂತು, ಗಾಳಿ ಇರಲಿಲ್ಲ.

ಕಾಡಿನ ಅಂಚಿನಲ್ಲಿ ಒಂದು ಕೆರೆ. ಕೆರೆಯ ಈ ದಡದಲ್ಲಿ ಒಂದು ಮತ್ತಿಮರ, ಆ ದಡದಲ್ಲಿ ಒಂದು ತಾರೆಮರ. ಎರಡರ ಪೊಟರೆಯಲ್ಲೂ ತುಡುವೆ ಜೇನುಗಳು ಗೂಡು ಕಟ್ಟಿದ್ದವು. ಎರಡು ಗೂಡಿನವರೂ ಒಂದೇ ಕೆರೆಯ ನೀರು ಕುಡಿಯುತ್ತಿದ್ದರು. ದಾರಿಯಲ್ಲಿ ಸಿಕ್ಕರೆ ಕ್ಷೇಮ ಕೇಳುತ್ತಿದ್ದರು. ಆದರೆ ಒಬ್ಬರ ಗೂಡಿಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ.

ಮಕ್ಕಳೇ, ಆ ತಿಂಗಳು ಜೇನಿಗೆ ಕಷ್ಟದ ತಿಂಗಳು. ಕಾಡಿನ ಹೂ ಮುಗಿದಿತ್ತು. ಕಾಡಿನಾಚೆಯ ಹೊಲಗಳಲ್ಲಿ ಹುಚ್ಚೆಳ್ಳು ಬಿತ್ತಿದ್ದರು, ಅದು ಹೂ ಬಿಡಲು ಇನ್ನೂ ಇಪ್ಪತ್ತು ದಿನ ಬೇಕಿತ್ತು. ಅಲ್ಲಿಯವರೆಗೆ ಕೂಡಿಟ್ಟ ಜೇನುತುಪ್ಪವೇ ಗತಿ. ಮತ್ತಿಮರದಲ್ಲಿ ತುಪ್ಪ ಬಹಳ ಇರಲಿಲ್ಲ. ಹಿಡಿತದಲ್ಲಿ ತಿಂದರೆ ಇಪ್ಪತ್ತು ದಿನ ಸಾಗುವಷ್ಟಿತ್ತು. ತುಪ್ಪದ ಕೋಣೆಗಳ ಕೆಳಗೆ ಮರಿಗಳ ಕೋಣೆಗಳು. ರಾಣಿಯವ್ವ ಯೋಚಿಸಿಯೇ ಮೊಟ್ಟೆ ಇಟ್ಟಿದ್ದಳು. ಹುಚ್ಚೆಳ್ಳು ಅರಳುವ ಹೊತ್ತಿಗೆ ಈಗಿನ ಜೇನುಗಳ ರೆಕ್ಕೆ ಹರಿದಿರುತ್ತದೆ, ಈ ಮರಿಗಳ ರೆಕ್ಕೆ ಬಲಿತಿರುತ್ತದೆ. ಹೂವಿಗೆ ಹೋಗಬೇಕಾದವರು ಅವರೇ.

ಮತ್ತಿಮರದ ಬಾಗಿಲಲ್ಲಿ ಇಪ್ಪತ್ತು ಮಂದಿ ಕಾವಲಿದ್ದರು. ಅವರಿಗೆ ಸಾಕಮ್ಮ ಮುಂದಾಳು. ಪ್ರತಿ ಗೂಡಿಗೂ ಒಂದು ವಾಸನೆ ಇರುತ್ತದೆ. ಬಂದವರನ್ನೆಲ್ಲ ಮೀಸೆ ತಾಗಿಸಿ ಮೂಸಿ, ತನ್ನ ಗೂಡಿನ ವಾಸನೆ ಇದ್ದರೆ ಮಾತ್ರ ಒಳಗೆ ಬಿಡುವುದು ಅವಳ ಪದ್ಧತಿ. ಒಂದೇ ದಿನ ಹುಟ್ಟಿ ಒಟ್ಟಿಗೆ ಬೆಳೆದ ಚೆಲುವಿಯನ್ನೂ ಅವಳು ಮೂಸದೆ ಬಿಟ್ಟವಳಲ್ಲ.

"ನಿನ್ನೆಯೂ ನಾನೇ, ಇವತ್ತೂ ನಾನೇ. ನಿನ್ನ ಮೀಸೆ ಸವೆದುಹೋದೀತು ಕಣೆ," ಎನ್ನುತ್ತಿದ್ದಳು ಚೆಲುವಿ.

"ಸವೆದರೆ ನನ್ನದು ತಾನೇ. ನಿಲ್ಲು," ಎನ್ನುತ್ತಿದ್ದಳು ಸಾಕಮ್ಮ.

ಕೆರೆಯ ಏರಿಯಲ್ಲಿ, ಮಣ್ಣಿನ ಬಿಲದೊಳಗೆ, ಕಡಜಗಳ ಸಂಸಾರವಿತ್ತು. ಕಡಜವೆಂದರೆ ಜೇನಿಗಿಂತ ಮೂರು ಪಾಲು ದೊಡ್ಡದು, ಕತ್ತರಿಯಂಥ ಬಾಯಿ. ಅವುಗಳಲ್ಲಿ ಹಿರಿಯಳನ್ನು ಎಲ್ಲರೂ ಕಡಜಕ್ಕ ಎಂದು ಕರೆಯುತ್ತಿದ್ದರು. ಅವಳು ಹೋದ ತಿಂಗಳು ಮತ್ತಿಮರಕ್ಕೆ ಎರಡು ಸಲ ಬಂದು ಎರಡು ಸಲವೂ ಹಿಂದಿರುಗಿದ್ದಳು. ಇಪ್ಪತ್ತು ಕಾವಲಿನವರೂ ಒಟ್ಟಿಗೆ ಮೈ ಅಲುಗಿಸಿದರೆ ಬಾಗಿಲ ತುಂಬ ಅಲೆ ಎದ್ದಂತೆ ಕಾಣುತ್ತದೆ. ಕಡಜಕ್ಕೆ ಕಣ್ಣು ಕತ್ತಲಿಡುತ್ತದೆ. ಅದಕ್ಕೂ ಹೆದರದೆ ಮುಂದೆ ಬಂದರೆ ಎಲ್ಲರೂ ಮೇಲೆ ಬಿದ್ದು ಉಂಡೆಯಾಗಿ ಮುತ್ತುತ್ತಾರೆ, ಮೈ ಅದುರಿಸಿ ಕಾವು ಏರಿಸುತ್ತಾರೆ. ಜೇನು ತಡೆಯುವ ಕಾವನ್ನು ಕಡಜ ತಡೆಯಲಾರದು. ಉಂಡೆಯ ನಡುವೆ ಬೆಂದು ಸಾಯುತ್ತದೆ. ಆದರೆ ಇದಕ್ಕೆ ಜನ ಬೇಕು. ಇಬ್ಬರು ಮೂವರಿಂದ ಆಗುವ ಕೆಲಸವಲ್ಲ. ಅದು ಕಡಜಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

ಆ ದಿನ ಚೆಲುವಿ ಕಾಡೆಲ್ಲ ಸುತ್ತಿ ಒಂದು ಹೂವೂ ಸಿಗದೆ ಕೆರೆಯ ಕಲ್ಲಿನ ಮೇಲೆ ನೀರು ಕುಡಿಯುತ್ತ ಕೂತಿದ್ದಳು. ಸ್ವಲ್ಪ ದೂರದಲ್ಲಿ ಕಡಜಕ್ಕ ಬಂದು ಇಳಿದಳು.

"ಬರಿಗೈಯಲ್ಲಿ ಹೊರಟಿದ್ದೀಯಲ್ಲ ತಂಗಿ," ಎಂದಳು.

"ಎಲ್ಲೂ ಹೂ ಇಲ್ಲ ಕಡಜಕ್ಕ."

"ಹೂವಿಗೆ ಯಾಕೆ ಅಲೆಯುತ್ತೀ? ತಾರೆಮರದಲ್ಲಿ ಮಾಡಿಟ್ಟ ತುಪ್ಪವೇ ಇದೆಯಲ್ಲ."

ತಾರೆಮರದ ಕಾವಲು ಈಚೆಗೆ ಸಡಿಲವಾಗಿದೆ ಎಂದು ಕಡಜಕ್ಕ ಹೇಳಿದಳು. ಬಾಗಿಲಲ್ಲಿ ಇರುವವರು ಏಳೆಂಟು ಮಂದಿ, ಅವರನ್ನು ತಾನು ನೋಡಿಕೊಳ್ಳುತ್ತೇನೆ, ನೀವು ಒಳಗೆ ಹೋಗಿ ಹೊತ್ತುಕೊಂಡು ಬಂದರಾಯಿತು ಎಂದಳು. ಚೆಲುವಿಗೆ ಬಾಯಲ್ಲಿ ನೀರೂರಿತು. ಆದರೂ ಅವಳು ದಡ್ಡಿಯಲ್ಲ. ಇದರಲ್ಲಿ ನಿನಗೇನು, ತುಪ್ಪದಲ್ಲಿ ಅರ್ಧ ಕೊಡಬೇಕೇ ಎಂದು ಕೇಳಿದಳು.

"ನನಗೆ ನಿಮ್ಮ ತುಪ್ಪ ಬೇಡ," ಎಂದಳು ಕಡಜಕ್ಕ. "ಒಂದು ಹನಿಯೂ ಬೇಡ. ನಿಮ್ಮ ಗೂಡಿನ ತುಪ್ಪ ಮುಟ್ಟಿದರೆ ನನ್ನ ರೆಕ್ಕೆ ಉದುರಿಹೋಗಲಿ."

"ಮತ್ತೆ ನಿನ್ನ ಕೂಲಿ?"

"ಅಕ್ಕಪಕ್ಕದವರಲ್ಲಿ ಕೂಲಿ ಎಂಥದ್ದು ತಂಗಿ."

ಚೆಲುವಿ ಗೂಡಿಗೆ ಹಾರಿಬಂದು, ಮೇಣದ ಕೋಣೆಗಳ ಎರಿಯ ಮೇಲೆ ಕುಣಿದಳು. ಜೇನುಗಳು ಕುಣಿದೇ ದಾರಿ ಹೇಳುವುದು. ಕುಣಿತ ನೋಡಿದವರಿಗೆ ಹೂ ಎಲ್ಲಿದೆ, ಎಷ್ಟು ದೂರ ಎಂಬುದು ತಿಳಿಯುತ್ತದೆ. ಈ ಸಲ ಕುಣಿತ ತೋರಿಸಿದ ದಿಕ್ಕಿನಲ್ಲಿ ಹೂವಿರಲಿಲ್ಲ, ನೆರೆಯವರ ಮನೆ ಇತ್ತು. ಆಮೇಲೆ ಒಬ್ಬಳು ಜೊತೆಗೆ ಕುಣಿದಳು, ಇನ್ನೊಬ್ಬಳು ಸೇರಿದಳು. ಸಾಕಮ್ಮ ಬಾಗಿಲಿನಿಂದ ಒಳಗೆ ಬಂದು, ಅವರಿಗೂ ಮರಿಗಳಿವೆ, ಇದು ಬೇಡ ಎಂದಳು. ಚೆಲುವಿ ಕಡಜಕ್ಕನ ಆಣೆಯ ಮಾತು ಹೇಳಿದಳು.

"ಕಡಜ ತುಪ್ಪ ತಿನ್ನುವುದಿಲ್ಲವಂತೆ. ಹಾಗಾದರೆ ಏನು ತಿನ್ನುತ್ತದೆ?" ಎಂದು ಕೇಳಿದಳು ಸಾಕಮ್ಮ.

"ಅದು ಅದರ ಅಡುಗೆಮನೆಯ ವಿಷಯ. ನಮಗೇಕೆ?"

ಎಲ್ಲರೂ ನಕ್ಕರು. ಸಾಕಮ್ಮನ ಪ್ರಶ್ನೆಗೆ ಉತ್ತರ ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ.

ಆ ಮಧ್ಯಾಹ್ನವೇ ಶುರುವಾಯಿತು. ಕಡಜಕ್ಕ ಹೇಳಿದಂತೆಯೇ ಮಾಡಿದಳು. ತಾರೆಮರದ ಬಾಗಿಲಲ್ಲಿ ನಿಂತು ಕಾವಲಿನವರನ್ನು ಒಬ್ಬೊಬ್ಬರನ್ನಾಗಿ ಕತ್ತರಿಸಿ ಕೆಡವಿದಳು. ಮತ್ತಿಮರದವರು ಒಳಗೆ ನುಗ್ಗಿದರು, ಮೇಣದ ಮುಚ್ಚಳ ಹರಿದರು, ಹೊಟ್ಟೆ ತುಂಬ ತುಪ್ಪ ಹೀರಿ ಹಾರಿಬಂದರು. ಕೆರೆಯ ಮೇಲೆ ಹೋಗುವವರು, ಬರುವವರು, ಮತ್ತೆ ಹೋಗುವವರು! ಇಡೀ ವರ್ಷದಲ್ಲಿ ಅಂಥ ಸುಗ್ಗಿಯನ್ನು ಅವರು ಕಂಡಿರಲಿಲ್ಲ.

ಮರುದಿನ ಒಂದು ತೊಡಕು ಬಂತು. ದೋಚಿ ಬಂದವರ ಮೈಗೆಲ್ಲ ತಾರೆಮರದ ವಾಸನೆ ಅಂಟಿತ್ತು. ಸಾಕಮ್ಮ ಒಬ್ಬೊಬ್ಬರನ್ನೂ ತಡೆದು ಎರಡು ಸಲ, ಮೂರು ಸಲ ಮೂಸತೊಡಗಿದಳು. ಬಾಗಿಲಲ್ಲಿ ಸಾಲು ಬೆಳೆಯಿತು. ಹಿಂದಿನವರು ಮುಂದಿನವರನ್ನು ನೂಕಿದರು. ತುಪ್ಪ ತೊಗಟೆಯ ಮೇಲೆ ಚೆಲ್ಲಿ, ಅದರ ಘಮ ಕೆರೆಯ ಏರಿಯವರೆಗೂ ಹೋಯಿತು. ಒಂದು ಹೊತ್ತಿನೊಳಗೆ ಇರುವೆಗಳು ಬಂದವು.

ಚೆಲುವಿಗೆ ಸಿಟ್ಟು ಬಂತು. ಅವಳು ಸಾಕಮ್ಮನೊಡನೆ ಜಗಳ ಆಡಲಿಲ್ಲ. ಉಳಿದ ಕಾವಲಿನವರ ಹತ್ತಿರ ಹೋಗಿ, ನಮ್ಮವರನ್ನೇ ಮೂಸುತ್ತ ನಿಲ್ಲುವುದು ಒಂದು ಕೆಲಸವೇ, ತಾರೆಮರದಲ್ಲಿ ಹೊರಲು ಜನ ಸಾಲದು, ಕಡಜವೂ ಈಗ ನಮ್ಮ ಕಡೆಯೇ ಇರುವಾಗ ಕಾವಲು ಯಾರಿಗಾಗಿ ಎಂದು ಕೇಳಿದಳು. ಮೂರನೆಯ ದಿನ ಹತ್ತು ಮಂದಿ ಬಾಗಿಲು ಬಿಟ್ಟು ಹೋದರು. ನಾಲ್ಕನೆಯ ದಿನ ಇನ್ನೂ ಏಳು ಮಂದಿ ಹೋದರು. ಸಾಕಮ್ಮ, ಮತ್ತಿಬ್ಬರು ಉಳಿದರು.

ನಾಲ್ಕನೆಯ ದಿನ ಬಿಸಿಲು ಚುರುಕಾಗಿತ್ತು. ತಾರೆಮರದ ಕೊನೆಯ ಎರಿಯನ್ನು ಬಳಿದುಕೊಳ್ಳಲು ಮತ್ತಿಮರದ ಗೂಡಿಗೆ ಗೂಡೇ ಹೋಗಿತ್ತು. ಚೆಲುವಿ ಕುತ್ತಿಗೆಯವರೆಗೆ ತುಪ್ಪ ಹೀರಿ ಹೊರಗೆ ಬಂದಾಗ ಬಾಗಿಲಲ್ಲಿ ತಾರೆಮರದ ಕಾವಲಿನವಳೊಬ್ಬಳು ರೆಕ್ಕೆ ಮುರಿದು ಬಿದ್ದಿದ್ದಳು. ಅವಳಿಗೆ ಏಳಲು ಆಗುತ್ತಿರಲಿಲ್ಲ. ತಲೆಯೆತ್ತಿ ಚೆಲುವಿಯನ್ನು ನೋಡಿದಳು.

"ನೀವೆಲ್ಲ ಇಲ್ಲಿದ್ದೀರಿ," ಎಂದಳು. "ನಿಮ್ಮ ಬಾಗಿಲಲ್ಲಿ ಯಾರಿದ್ದಾರೆ ತಾಯಿ?"

ಚೆಲುವಿ ಸುತ್ತ ನೋಡಿದಳು. ಮೂರು ದಿನವೂ ಇದೇ ಬಾಗಿಲಲ್ಲಿ ನಿಂತಿದ್ದ ಕಡಜಕ್ಕ ಇವತ್ತು ಕಾಣಲಿಲ್ಲ.

ಚೆಲುವಿ ಮತ್ತೆ ಒಳಗೆ ನುಗ್ಗಿದಳು. ಎಲ್ಲರೂ ಹೊರಡಿ, ಈಗಲೇ ಹೊರಡಿ ಎಂದು ಕೂಗುತ್ತ ಎರಿಯಿಂದ ಎರಿಗೆ ಓಡಿದಳು. ಹೊರಟರು ನಿಜ, ಹಾರಲು ಆಗಲಿಲ್ಲ. ಹೊಟ್ಟೆ ಬಿರಿಯುವಷ್ಟು ತುಂಬಿಕೊಂಡವರು ಹಾರುವುದು ಹೇಗೆ? ಕೆರೆಯ ನಡುವೆ ಬರುವಷ್ಟರಲ್ಲಿ ಒಬ್ಬಳು ನೀರಿಗೆ ಬಿದ್ದಳು, ಅವಳ ಹಿಂದೆಯೇ ಮತ್ತೊಬ್ಬಳು. ಆಚೆ ದಡದ ಮತ್ತಿಮರ ಬರಬರುತ್ತ ದೂರ ಹೋದಂತೆ ಕಂಡಿತು.

"ಚೆಲ್ಲಿ," ಎಂದಳು ಚೆಲುವಿ. "ತುಪ್ಪ ಚೆಲ್ಲಿಬಿಡಿ."

ಮೊದಲು ತಾನೇ ಕಕ್ಕಿದಳು. ಎಲ್ಲರೂ ಕಕ್ಕಿದರು. ಅಷ್ಟು ಆಸೆಪಟ್ಟು ದೋಚಿದ ತುಪ್ಪ ಹನಿಹನಿಯಾಗಿ ಕೆರೆಗೆ ಬಿತ್ತು. ಕೆಳಗೆ ಮೀನುಗಳು ಬಾಯಿ ತೆರೆದವು. ಮೈ ಹಗುರವಾದದ್ದೇ ತಡ, ಗುಂಪು ಬಾಣದಂತೆ ನುಗ್ಗಿತು.

ಬಾಗಿಲಲ್ಲಿ ಏಳು ಕಡಜಗಳಿದ್ದವು. ಕಾವಲಿನ ಇಬ್ಬರು ಎರಡು ತುಂಡಾಗಿ ಬೇರಿನ ಮೇಲೆ ಬಿದ್ದಿದ್ದರು. ಸಾಕಮ್ಮನ ಒಂದು ಕಡೆಯ ರೆಕ್ಕೆ ಹೋಗಿತ್ತು. ಆದರೂ ಒಂದು ಕಡಜದ ಕಾಲನ್ನು ಕಚ್ಚಿ ಹಿಡಿದು, ಅದು ಕೊಡವಿದಂತೆಲ್ಲ ತೂಗಾಡುತ್ತಿದ್ದಳು. ಚೆಲುವಿ ನೇರ ಅದರ ಬೆನ್ನಿನ ಮೇಲೆ ಬಿದ್ದಳು. ಅವಳ ಮೇಲೆ ಇನ್ನೊಬ್ಬಳು, ಮತ್ತೊಬ್ಬಳು, ನೂರು, ಇನ್ನೂರು. ಉಂಡೆ ಕಟ್ಟಿತು. ಉಂಡೆ ಅದುರಿತು. ಒಳಗೆ ಕಾವು ಏರಿತು, ಏರಿತು, ಕಡಜದ ಕಾಲುಗಳು ನಿಂತವು. ಪಕ್ಕದಲ್ಲಿ ಇನ್ನೊಂದು ಉಂಡೆ, ಅದರ ಆಚೆ ಮೂರನೆಯದು. ಮೂರು ಕಡಜಗಳು ಬೆಂದು ಕೆಳಗೆ ಬಿದ್ದವು. ಉಳಿದ ನಾಲ್ಕು ಎದ್ದು ಹಾರಿದವು.

ಕಡಜಕ್ಕ ಎಲ್ಲರಿಗಿಂತ ಕೊನೆಗೆ ಪೊಟರೆಯೊಳಗಿನಿಂದ ಬಂದಳು. ಬಾಯಲ್ಲಿ ಬಿಳಿಯದೇನೋ ಇತ್ತು. ಅದನ್ನು ಮುಂಗಾಲಿಗೆ ಸಾಗಿಸಿಕೊಂಡು, ಮೇಲಿನ ಕೊಂಬೆಯ ಹತ್ತಿರ ಒಂದು ಗಳಿಗೆ ನಿಂತಳು.

"ತುಪ್ಪ ಮುಟ್ಟಿಲ್ಲ ತಂಗಿ," ಎಂದಳು. "ಹೋಗಿ ನೋಡಿಕೋ. ನಾನು ಆಣೆ ತಪ್ಪುವವಳಲ್ಲ."

ಚೆಲುವಿ ಒಳಗೆ ಹೋಗಲು ಹೊರಟಳು. ಬಾಗಿಲಲ್ಲಿ ಬಿದ್ದಿದ್ದ ಸಾಕಮ್ಮ ಮೀಸೆ ಚಾಚಿ ಅವಳನ್ನು ತಡೆದಳು. ಚೆಲುವಿ ಸುಮ್ಮನೆ ನಿಂತಳು. ಸಾಕಮ್ಮ ಮೂಸಿದಳು, ಮತ್ತೆ ಮೂಸಿದಳು.

"ಯಾರೋ ಗೊತ್ತಾಗುತ್ತಿಲ್ಲ," ಎಂದಳು. ಮೀಸೆ ಕೆಳಗೆ ಬಿತ್ತು. ಅದು ಅವಳ ಕೊನೆಯ ಕಾವಲು.

ಒಳಗೆ ತಂಪಾಗಿತ್ತು, ಸದ್ದಿರಲಿಲ್ಲ. ಮೇಲಿನ ಕೋಣೆಗಳೆಲ್ಲ ಭರ್ತಿಯಾಗಿದ್ದವು, ಒಂದು ಮುಚ್ಚಳವೂ ಹರಿದಿರಲಿಲ್ಲ. ಗೂಡಿನ ಮೂಲೆಯಲ್ಲಿ ರಾಣಿಯವ್ವ ಎರಿಗೆ ಒರಗಿ ನಿಂತಿದ್ದಳು.

"ಅವ್ವಾ, ತುಪ್ಪ ಎಷ್ಟು ಹೋಯಿತು?"

"ಒಂದು ಹನಿಯೂ ಹೋಗಿಲ್ಲ."

ಚೆಲುವಿ ಉಸಿರು ಬಿಟ್ಟಳು. ರಾಣಿಯವ್ವ ಕೆಳಗೆ ನೋಡು ಎಂದಳು. ಚೆಲುವಿ ಕೆಳಗೆ ಇಳಿದಳು. ಮರಿಗಳ ಮೊದಲ ಕೋಣೆಯ ಮುಚ್ಚಳ ಹರಿದಿತ್ತು. ಒಳಗೆ ಏನೂ ಇರಲಿಲ್ಲ. ಪಕ್ಕದ್ದೂ ಹಾಗೆಯೇ. ಅದರ ಪಕ್ಕದ್ದೂ. ಅವಳು ಎರಿಯ ತುದಿಯವರೆಗೆ ನಡೆದು ಪ್ರತಿ ಕೋಣೆಗೂ ತಲೆ ಹಾಕಿ ನೋಡಿದಳು, ಆಮೇಲೆ ಎರಡನೆಯ ಎರಿಗೆ ಹೋಗಿ ಅಲ್ಲಿಯೂ ನೋಡಿದಳು.

"ಕೂಲಿ ಬೇಡ ಎಂದಿದ್ದಳು ಅವ್ವಾ," ಎಂದಳು.

"ಬೇಡ ಎಂದಿರಲಿಲ್ಲ, ಎಷ್ಟು ಎಂದು ಹೇಳಿರಲಿಲ್ಲ," ಎಂದಳು ರಾಣಿಯವ್ವ. "ಇನ್ನು ಹದಿನೇಳು ದಿನಕ್ಕೆ ಹುಚ್ಚೆಳ್ಳು ಅರಳುತ್ತದೆ. ಹೂವಿಗೆ ಹೋಗಬೇಕಾದವರನ್ನೇ ಕೊಟ್ಟಿದ್ದೇವೆ."

ನೀತಿ: ನೆರೆಮನೆ ದೋಚಲು ಹೋದವನು ತನ್ನ ಮನೆಯ ಬಾಗಿಲು ತೆರೆದಿಟ್ಟು ಹೋಗಿರುತ್ತಾನೆ, ಬೆಲೆ ಹೇಳದೆ ಬಂದ ನೆರವಿಗೇ ಬೆಲೆ ಹೆಚ್ಚು.