ಹದ್ದಿಗೆ ಅರೆದ ಅರಿಶಿನ

ಹೊಳೆಯ ಈ ಕಡೆ ಒಂದು ಮಠ, ಆ ಕಡೆ ಒಂದು ಗುಡ್ಡ. ಗುಡ್ಡದ ನೆತ್ತಿಯ ಮೇಲೆ ಒಂದು ಗದ್ದುಗೆ. ಮಠದಲ್ಲಿ ಮರುಳಯ್ಯ ಅಂತ ಗುರುಗಳು. ಹೆಸರು ಹಿಡಿದು ಕರೆಯೋರು ಯಾರೂ ಇಲ್ಲ, ಎಲ್ಲರ ಬಾಯಲ್ಲೂ ಅವರು ಬುದ್ಧಿ.

ಗದ್ದುಗೆ ಅಂದರೆ ಬುದ್ಧಿಯವರ ಗುರುಗಳ ಸಮಾಧಿ. ಸೋಮವಾರ ಸೋಮವಾರ ಹೊಳೆ ದಾಟಿ, ಗುಡ್ಡ ಹತ್ತಿ, ಕೈಮುಗಿದು ಬರೋರು. ಮಂಡಿ ಸೋತ ಮೇಲೆ ಅದು ನಿಂತುಹೋಯ್ತು. ಏಳು ವರ್ಷ ಈ ದಂಡೆಯಲ್ಲೇ ಕೂತು, ಗುಡ್ಡದ ಕಡೆ ಮುಖ ಮಾಡಿ ಕೈಮುಗಿದರು.

ಆಮೇಲೆ ಉಮಾಪತಿ ಬಂದ.

ಮೂವತ್ತು ದಾಟಿದ ಗಂಡಸು. ಮದುವೆಗಳಲ್ಲಿ ವಿಡಿಯೊ ತೆಗೀತಿದ್ದವನು, ಕಂಡೋರ ಮದುವೆ ನೋಡಿ ನೋಡಿ ಸಾಕಾಗಿ, ಶಿಷ್ಯನಾಗ್ತೀನಿ ಅಂತ ಬಂದ. ಕ್ಯಾಮೆರಾ ಬಿಟ್ಟು ಬಂದ, ಒಳ್ಳೊಳ್ಳೆ ಅಂಗಿಗಳನ್ನ ಬಿಟ್ಟು ಬಂದ. ಡ್ರೋನ್ ಒಂದನ್ನ ಬಿಡೋಕ್ಕೆ ಮನಸ್ಸು ಬರಲಿಲ್ಲ. ಪೆಟ್ಟಿಗೆ ಸಮೇತ ಕಂಕುಳಲ್ಲಿ ಇಟ್ಟುಕೊಂಡೇ ಬಂದ.

"ಅದೇನಪ್ಪಾ ಅದು?" ಅಂದರು ಬುದ್ಧಿ.

"ಹಾರಿಸೋದು ಬುದ್ಧಿ. ನಂದೊಂದು ಹುಚ್ಚು."

"ಇರಲಿ ಬಿಡು. ಹುಚ್ಚಿಲ್ಲದೋರು ಮಠಕ್ಕೆ ಯಾಕೆ ಬರ್ತಾರೆ?"

ಒಂದು ಸೋಮವಾರ ಬೆಳಿಗ್ಗೆ ಉಮಾಪತಿ ಅದನ್ನ ಹೊಳೆ ದಾಟಿಸಿ ಗುಡ್ಡದ ಮೇಲೆ ನಿಲ್ಲಿಸಿದ. ಕೈಯಲ್ಲಿದ್ದ ರಿಮೋಟಿನ ತೆರೆಯನ್ನ ಬುದ್ಧಿಯವರ ಮುಂದೆ ಹಿಡಿದ. ಗದ್ದುಗೆ ಕಾಣ್ತು. ಪಕ್ಕದ ಕಣಗಿಲೆ ಗಿಡ ಕಾಣ್ತು.

ಬುದ್ಧಿ ಬಹಳ ಹೊತ್ತು ನೋಡಿದರು. "ಮೂರನೇ ಮೆಟ್ಟಿಲು ಬಿರುಕು ಬಿಟ್ಟಿದೆಯಲ್ಲಪ್ಪಾ" ಅಂದರು. ಕಣ್ಣಿಂದ ನೀರು ಇಳೀತು.

ಆವತ್ತಿಂದ ಪ್ರತಿ ಸೋಮವಾರ ಇದೇ ಆಯ್ತು. ಉಮಾಪತಿಗೆ ಒಳಗೊಳಗೇ ಒಂದು ಸಿಹಿ. ಬುದ್ಧಿಯವರಿಗೆ ಗದ್ದುಗೆ ತೋರಿಸಿದವನು ನಾನು. ನಾನಿಲ್ಲದಿದ್ದರೆ ಯಾರಿದ್ದರು? ಆ ಸಿಹಿ ನಾಲಿಗೆಗೆ ಹತ್ತಿಬಿಡ್ತು.

ವರ್ಷ ಕಳೆಯೋಷ್ಟರಲ್ಲಿ ಬ್ಯಾಟರಿಗೆ ವಯಸ್ಸಾಯ್ತು. ಹೊಳೆ ದಾಟೋಷ್ಟು ದಮ್ಮು ಉಳೀಲಿಲ್ಲ.

"ಹೊಸದು ತರಬೇಕು ಬುದ್ಧಿ. ಒರಿಜಿನಲ್ಲೇ ತರ್ತೀನಿ, ಡ್ರೋನ್ ಮಾಡಿದ ಕಂಪನಿಯದ್ದೇ. ಬೇರೆಯವರು ಮಾಡಿದ್ದನ್ನ ನಾನು ಕೈಯಲ್ಲೂ ಮುಟ್ಟೋನಲ್ಲ."

ಬುದ್ಧಿ ಏನೂ ಕೇಳಿರಲಿಲ್ಲ. ಸುಮ್ಮನೆ ತಲೆ ಆಡಿಸಿದರು.

ಅಡುಗೆ ಮಾಡೋ ಮಲ್ಲಾಜಮ್ಮ ಒಲೆ ಮುಂದಿಂದಲೇ ಅಂದಳು: "ಕೇಳದೇ ಇದ್ದದ್ದಕ್ಕೂ ಆಣೆ ಇಡ್ತಾನೆ ನೋಡಿ ಈ ಉಮಾಪತಿ."

ಶನಿವಾರ ಪೇಟೆಗೆ ಹೋದ. ಅಂಗಡಿಯವನು ಒಳ್ಳೆಯವನು.

"ಒರಿಜಿನಲ್ ಬೇಕಂದ್ರೆ ತರಿಸಬೇಕು ಸ್ವಾಮಿ. ಹತ್ತು ದಿನ ಆಗುತ್ತೆ."

"ನಾಡಿದ್ದು ಸೋಮವಾರ ಕಣಪ್ಪ."

"ಇದೊಂದು ಇದೆ, ಬೇರೆ ಕಂಪನಿದು. ನಿಮ್ಮ ಡ್ರೋನಿಗೆ ಕೂರುತ್ತೆ. ಆದರೆ ಹೇಳಿಬಿಡ್ತೀನಿ, ಬೇರೆ ಕಂಪನಿದ್ರಲ್ಲೂ ಒಳ್ಳೇವು ಬರ್ತವೆ, ಇದು ಅಂಥದ್ದಲ್ಲ. ಮನೆ ಮುಂದೆ ಹಾರಿಸೋಕ್ಕೆ ಸರಿ. ಹೊಳೆಗಿಳೆ ದಾಟಿಸಬೇಡಿ."

ಹತ್ತು ದಿನ ಕಾದಿದ್ದರೆ ಏನೂ ಮುಳುಗಿಹೋಗ್ತಿರಲಿಲ್ಲ. ಏಳು ವರ್ಷ ಕಾದ ಮುದುಕರು ಇನ್ನೆರಡು ಸೋಮವಾರ ಕಾಯ್ತಿರಲಿಲ್ಲವೇ? ಆದರೆ 'ಈ ವಾರ ಇಲ್ಲ ಬುದ್ಧಿ' ಅಂತ ಹೇಳೋದು ಉಮಾಪತಿಗೆ ಬೇಕಿರಲಿಲ್ಲ. ಆ ಸಿಹಿ ಬಿಡಬೇಕಲ್ಲ!

ಬೇರೆ ಕಂಪನಿದನ್ನೇ ತಗೊಂಡ. ಬಸ್ಸಲ್ಲಿ ಕೂತು ಅದರ ಮೇಲಿನ ಚೀಟಿಯನ್ನ ಉಗುರಲ್ಲಿ ಕೆರೆದು ಕಿತ್ತ. ಮಠದಲ್ಲಿ ಅದನ್ನ ಓದಿ ನೋಡೋರು ಯಾರು? ಯಾರೂ ಇಲ್ಲ. ಆದರೂ ಕಿತ್ತ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಹಾಗೆ. ಉಗುರಿನ ಸಂದಿಯಲ್ಲಿ ಅಂಟು ಸೇರಿಕೊಂಡು ಸಾಯಂಕಾಲದವರೆಗೂ ಜಿಗುಟು ಜಿಗುಟು.

"ಸಿಕ್ತೇನಪ್ಪಾ, ನೀನು ಹೇಳಿದ್ದೇ?" ಅಂದರು ಬುದ್ಧಿ.

"ಸಿಕ್ತು ಬುದ್ಧಿ."

"ಒಳ್ಳೇದಾಯ್ತು."

ಅಷ್ಟೇ ಮಾತು.

ಸೋಮವಾರ ಬೆಳಿಗ್ಗೆ ಡ್ರೋನ್ ಎದ್ದಿತು. ಹೊಳೆ ದಾಟಿತು. ತೆರೆಯ ಮೂಲೆಯಲ್ಲಿ, ಬ್ಯಾಟರಿ ಇನ್ನೂ ನೂರಕ್ಕೆ ಅರವತ್ತೊಂದು ಭಾಗ ಇದೆ ಅಂತ ತೋರಿಸ್ತಿತ್ತು. ಬುದ್ಧಿ ಕಣ್ಣು ಮುಚ್ಚಿ, ಮನಸ್ಸು ಅಣಿ ಮಾಡಿಕೊಂಡು ಕೂತಿದ್ದರು.

ಇದ್ದಕ್ಕಿದ್ದ ಹಾಗೆ ತೆರೆ ಕಪ್ಪಾಯ್ತು.

ಉಮಾಪತಿ ತಲೆ ಎತ್ತಿದ. ಆಚೆ ದಂಡೆಯ ಮೇಲೆ ಸಾಸಿವೆ ಕಾಳಷ್ಟು ಕಾಣ್ತಿದ್ದ ಡ್ರೋನ್ ಕಲ್ಲು ಬಿದ್ದ ಹಾಗೆ ಮುಳ್ಳುಪೊದೆಗಳ ನಡುವೆ ಬಿತ್ತು. ಮೇಲೆ ಆಕಾಶದಲ್ಲಿ ಒಂದು ಹದ್ದು, ತನ್ನ ಪಾಡಿಗೆ ತಾನು ಸುತ್ತು ಹಾಕ್ತಿತ್ತು.

ಬುದ್ಧಿ ಕಣ್ಣು ಬಿಟ್ಟರು. "ಏನಾಯ್ತಪ್ಪಾ?"

"ಹದ್ದು ಬುದ್ಧಿ. ಹದ್ದು ಬಂದು ಹೊಡೀತು. ಬಿದ್ದುಹೋಯ್ತು."

ಬುದ್ಧಿಯವರ ಮುಖ ಬಿಳಿಚಿಕೊಂಡಿತು. ಅಯ್ಯೋ ಡ್ರೋನ್ ಅಂತಾರೆ, ಅಯ್ಯೋ ಗದ್ದುಗೆ ಅಂತಾರೆ ಅಂತ ಉಮಾಪತಿ ಕಾದ.

"ಅಯ್ಯೋ, ಅದರ ರೆಕ್ಕೆ ಕತ್ತಿ ಥರ ತಿರುಗ್ತಿತ್ತಲ್ಲಪ್ಪಾ! ಹಕ್ಕಿಗೆ ಏನಾಯ್ತೋ!"

ನೆಲಕ್ಕೆ ಕೈಯೂರಿ ಎದ್ದೇಬಿಟ್ಟರು. "ಮಲ್ಲಾಜಮ್ಮ, ಸ್ವಲ್ಪ ಅರಿಶಿನ ಅರೆ ತಾಯಿ, ಗಾಯಕ್ಕೆ. ಬೇಗ. ಉಮಾಪತಿ, ತೆಪ್ಪ ಬಿಚ್ಚು."

"ಬುದ್ಧಿ, ನಿಮ್ಮ ಮಂಡಿ..."

"ನನ್ನ ಮಂಡಿ ಹಳೇದು. ಹಕ್ಕಿಯ ಗಾಯ ಹೊಸದು. ಬಿಚ್ಚು."

ಮಲ್ಲಾಜಮ್ಮ ಅರಿಶಿನ ಅರೆದು ಎಲೆಯಲ್ಲಿ ಕಟ್ಟಿ ತಂದಳು. "ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗಿ ಬುದ್ಧಿ."

"ಅದು ಹಸಿದು ಬಿದ್ದಿರುತ್ತೆ ತಾಯಿ."

"ಹೋಗಲಿ, ನೀನಾದರೂ ಎರಡು ತುತ್ತು ತಿನ್ನೋ" ಅಂದಳು ಉಮಾಪತಿಗೆ. "ಹದ್ದು ಹೊಡೆದದ್ದು ನಿನಗೇ ಅನ್ನೋ ಹಾಗಿದೆ ನಿನ್ನ ಮುಖ."

ಉಮಾಪತಿ ತೆಪ್ಪಕ್ಕೆ ಓಡಿದ.

ಎಂಟು ವರ್ಷದ ಮೇಲೆ ಬುದ್ಧಿ ಹೊಳೆ ದಾಟಿದರು. ಆಚೆ ದಂಡೆಯಲ್ಲಿ ಇಳಿದರೆ ಗುಡ್ಡ ಎದುರಿಗೇ ಇದೆ. ಬುದ್ಧಿ ತಲೆ ಎತ್ತಿಯೂ ನೋಡಲಿಲ್ಲ. ಬಗ್ಗಿ ಬಗ್ಗಿ ಪೊದೆಗಳ ಬುಡ ನೋಡ್ತಾ ಹೊರಟರು.

"ಬುದ್ಧಿ, ಗದ್ದುಗೆ ಇಲ್ಲೇ ಮೇಲೆ..."

"ಗದ್ದುಗೆ ಎಲ್ಲೂ ಹೋಗಲ್ಲಪ್ಪಾ. ಗಾಯ ಆಗಿರೋದು ಕಾಯಲ್ಲ."

ಯಾವ ಗದ್ದುಗೆ ತೋರಿಸಬೇಕು ಅಂತ ಸುಳ್ಳು ಹೇಳಿದ್ದನೋ, ಆ ಗದ್ದುಗೆ ತಲೆ ಮೇಲೆ. ಬುದ್ಧಿಯವರ ಕಣ್ಣು ಮಾತ್ರ ಮುಳ್ಳಿನ ಬುಡದಲ್ಲಿ. ಆಗೇ ಇಲ್ಲದ ಗಾಯಕ್ಕಾಗಿ. ಉಮಾಪತಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು.

ಬಿಸಿಲು ಏರಿತು. ಬುದ್ಧಿ ಒಂದೊಂದು ಪೊದೆ ಮುಂದೆಯೂ ನಿಂತು, "ಎಲ್ಲಿದ್ದೀಯಪ್ಪಾ? ಹೆದರಬೇಡ" ಅಂತ ಕರೆಯೋರು. ಕಿವಿಗೊಟ್ಟು ಕೇಳೋರು. ಮುಂದಕ್ಕೆ ಹೋಗೋರು. ಹೆಜ್ಜೆಗೊಂದು ಸಲ ಹಲ್ಲು ಕಚ್ಚೋರು.

ಡ್ರೋನ್ ಮೊದಲು ಕಂಡದ್ದು ಉಮಾಪತಿಗೇ. ಲಂಟಾನದ ಪೊದೆಯೊಳಗೆ ತಲೆಕೆಳಗಾಗಿ ಬಿದ್ದಿತ್ತು. ಬ್ಯಾಟರಿ ಎಣ್ಣೆಗೆ ಬಿಟ್ಟ ಪೂರಿ ಹಾಗೆ ಊದಿಕೊಂಡಿತ್ತು. ಹಿಂದೆ ತಿರುಗಿ ನೋಡಿದ. ಬುದ್ಧಿ ದೂರದಲ್ಲಿದ್ದರು. ಕಾಲಲ್ಲೇ ತರಗೆಲೆ ಎಳೆದು ಅದನ್ನ ಮುಚ್ಚಿದ.

ಮುಚ್ಚಿದ ಮೇಲೆ ತನ್ನ ಕಾಲನ್ನೇ ನೋಡಿಕೊಂಡು ನಿಂತ. ಬೇರೆ ಯಾರದೋ ಕಾಲು ಅನ್ನಿಸ್ತು.

ಆಗ ಮೇಲೆ ಹದ್ದು ಕೂಗಿತು. ಉಮಾಪತಿಗೆ ಹೋದ ಜೀವ ಬಂದ ಹಾಗಾಯ್ತು. "ಬುದ್ಧಿ! ಅಗೋ ನೋಡಿ, ಹಾರ್ತಿದೆ! ಅದಕ್ಕೇನೂ ಆಗಿಲ್ಲ. ಹೋಗೋಣ ಬನ್ನಿ."

ಬುದ್ಧಿ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

"ಅದೇ ಅಂತ ನಿನಗೆ ಹೇಗೆ ಗೊತ್ತು?"

"ಅದೇ ಥರ ಇದೆ ಬುದ್ಧಿ."

"ಇದು ಅದರ ಜೋಡಿ ಇರಬೇಕು ಕಣಪ್ಪಾ. ನೋಡು, ಹೇಗೆ ಸುತ್ತಿದ್ದಲ್ಲೇ ಸುತ್ತಿ ಹುಡುಕ್ತಿದೆ. ಪಾಪ."

ಬುದ್ಧಿ ಬಂಡೆ ಹತ್ತಿ ಆ ಬದಿ ನೋಡ್ತೀನಿ ಅಂತ ಕಾಲೆತ್ತಿದರು. ಮಂಡಿ ಕೈಕೊಟ್ಟಿತು. ಜಾರಿದರು.

ಉಮಾಪತಿ ಓಡಿಬಂದು ಹಿಡಿಯೋಷ್ಟರಲ್ಲಿ ಮೊಣಕಾಲಿನ ಕೆಳಗೆ ಕಲ್ಲು ಕೊಯ್ದುಬಿಟ್ಟಿತ್ತು. ರಕ್ತ ಹಿಮ್ಮಡಿಯವರೆಗೂ ಹರೀತು. ಎಲೆಯ ಪೊಟ್ಟಣವನ್ನ ಮಾತ್ರ ಬುದ್ಧಿ ಕೈಯೆತ್ತಿ ಹಿಡಿದಿದ್ದರು, ನೆಲಕ್ಕೆ ತಾಗದ ಹಾಗೆ.

"ಅರಿಶಿನ ಕೈಯಲ್ಲೇ ಇದೆ ಬುದ್ಧಿ, ಹಚ್ಚಿಕೊಳ್ಳಿ."

"ಇದು ಹಕ್ಕಿದು."

"ಸ್ವಲ್ಪ ಬುದ್ಧಿ. ಚೂರೇ ಚೂರು."

"ಅದಕ್ಕೆ ಎಷ್ಟು ದೊಡ್ಡ ಗಾಯ ಆಗಿದೆಯೋ. ಸಾಲದೇ ಹೋದರೆ? ನನ್ನದು ತಾನೇ ನಿಲ್ಲುತ್ತೆ ಬಿಡು."

"ಹಚ್ಚಿಕೊಳ್ಳಿ ಬುದ್ಧಿ! ಹಕ್ಕಿ ಇಲ್ಲ!"

ಕೂಗಿಬಿಟ್ಟ. ಹೊಳೆಯ ಆಚೆಗೂ ಕೇಳಿಸೋ ಹಾಗೆ ಕೂಗಿಬಿಟ್ಟ.

"ಹಕ್ಕಿ ಇಲ್ಲ ಬುದ್ಧಿ. ಯಾವ ಹದ್ದೂ ಹೊಡೀಲಿಲ್ಲ. ಬ್ಯಾಟರಿ ಸತ್ತು ಬಿತ್ತು. ಅದು ಒರಿಜಿನಲ್ ಅಲ್ಲ. ಒರಿಜಿನಲ್ ಬರೋಕ್ಕೆ ಹತ್ತು ದಿನ ಬೇಕಿತ್ತು. ಅಂಗಡಿಯವನು ಹೊಳೆ ದಾಟಿಸಬೇಡ ಅಂತಲೇ ಹೇಳಿದ. ನಾನೇ ಚೀಟಿ ಕಿತ್ತು ತಂದೆ. ಸಿಕ್ತು ಅಂದೆ. ಈಗ ಡ್ರೋನ್ ಅಲ್ಲಿ ಸಿಕ್ಕಿತು, ಅದನ್ನೂ ಎಲೆ ಮುಚ್ಚಿ ಬಂದೆ."

ಬುದ್ಧಿ ಅವನ ಮುಖ ನೋಡಿದರು.

"ಹಕ್ಕಿಗೆ ಏನೂ ಆಗಿಲ್ಲವಾ?"

"ಇಲ್ಲ ಬುದ್ಧಿ."

"ನಿಜವಾಗಲೂ?"

"ನಿಜವಾಗಲೂ ಬುದ್ಧಿ."

"ಸದ್ಯ" ಅಂತ ಎರಡೂ ಕೈ ಎತ್ತಿ ಮುಗಿದರು. ಆಮೇಲೇ ಪೊಟ್ಟಣ ಬಿಚ್ಚಿದ್ದು. ಉಮಾಪತಿ ಹಚ್ಚೋಕ್ಕೆ ಕೈ ಚಾಚಿದ. ಬುದ್ಧಿ ತಾವೇ ಹಚ್ಚಿಕೊಂಡರು.

ಬೈದಿದ್ದರೆ ಚೆನ್ನಾಗಿತ್ತು. ಎರಡು ಬಾರಿಸಿದ್ದರೆ ಇನ್ನೂ ಚೆನ್ನಾಗಿತ್ತು. ಬುದ್ಧಿ ಕೇಳಿದ್ದು ಬೇರೆ.

"ತಗೊಂಡು ಬಾ ಅದನ್ನ, ನೋಡೋಣ."

ತಂದು ಮುಂದಿಟ್ಟ. "ಮುಟ್ಟಬೇಡಿ ಬುದ್ಧಿ. ಬ್ಯಾಟರಿ ಊದಿಕೊಂಡಿದೆ, ಹೊತ್ತಿಕೊಂಡರೂ ಹೊತ್ತಿಕೊಂಡೀತು."

"ಒರಿಜಿನಲ್ ಆಗಿದ್ದರೆ ಖಾಲಿ ಆಗ್ತಿರಲಿಲ್ಲವಾ?"

"ಖಾಲಿ ಎಲ್ಲವೂ ಆಗ್ತವೆ ಬುದ್ಧಿ. ಆದರೆ ಒರಿಜಿನಲ್ಲು ಎಷ್ಟಿದೆಯೋ ಅಷ್ಟೇ ಹೇಳುತ್ತೆ. ಮುಂದಕ್ಕೆ ಹೋಗೋಕ್ಕೆ ಇನ್ನೇನೂ ಉಳಿದಿಲ್ಲ ಅಂದ ತಕ್ಷಣ ಡ್ರೋನ್ ಎಲ್ಲಿದ್ದರೂ ತಾನೇ ಮನೆಗೆ ತಿರುಗುತ್ತೆ."

"ಮನೆ ಅಂದರೆ?"

"ಹೊರಟ ಜಾಗ ಬುದ್ಧಿ."

"ಇದು?"

"ಇದು ಅರವತ್ತೊಂದು ಇದೆ, ಅರವತ್ತೊಂದು ಇದೆ ಅಂತಲೇ ಹೇಳ್ತಿತ್ತು. ಬೀಳೋವರೆಗೂ."

ತಾನು ಅಂದ ಮಾತು ತನ್ನ ಕಿವಿಗೇ ಬಿತ್ತು. ಉಮಾಪತಿ ತಲೆ ತಗ್ಗಿಸಿದ. ಬುದ್ಧಿಯವರ ಪಾದದ ಮೇಲೆ ರಕ್ತ ಒಣಗಿ ಗೆರೆ ಕಟ್ಟಿದ್ದು ಕಾಣ್ತು. ತಲೆ ಎತ್ತಿದರೆ ಮುಖ, ತಗ್ಗಿಸಿದರೆ ಪಾದ. ಎಲ್ಲಿ ನೋಡಬೇಕೋ ತಿಳೀಲಿಲ್ಲ.

"ನನ್ನನ್ನ ಮಠದಿಂದ ಕಳಿಸಿಬಿಡಿ ಬುದ್ಧಿ. ಇನ್ನು ನಿಮ್ಮೆದುರು ನಿಲ್ಲೋಕ್ಕೆ ನನಗೆ ಮುಖ ಇಲ್ಲ."

ಬುದ್ಧಿ ಅರಿಶಿನದ ಎಲೆಯನ್ನ ಮಡಿಸಿ ಪಕ್ಕಕ್ಕಿಟ್ಟರು.

"ಉಮಾಪತಿ."

"ಬುದ್ಧಿ."

"ಈಗ ನಿನ್ನಲ್ಲಿ ಎಷ್ಟು ಉಳಿದಿದೆ?"

ಏನೋ ಒಂದು ಒಳ್ಳೆಯ ಉತ್ತರ ಬಾಯಿಗೆ ಬಂತು, ಶಿಷ್ಯರು ಹೇಳೋ ಥರದ್ದು. ಉಮಾಪತಿ ಅದನ್ನ ನುಂಗಿಕೊಂಡ.

"ಏನೂ ಉಳಿದಿಲ್ಲ ಬುದ್ಧಿ."

ಬುದ್ಧಿ ಅವನ ಹೆಗಲ ಮೇಲೆ ಕೈ ಹಾಕಿದರು. ಮೈಭಾರವನ್ನೆಲ್ಲ ಅವನ ಮೇಲೆ ಬಿಟ್ಟು, ಮೆಲ್ಲಗೆ ಎದ್ದು ನಿಂತರು.

"ಹಾಗಾದರೆ ಮನೆಗೆ ತಿರುಗೋಣ, ನಡಿ."