ದಾರಿಯಲ್ಲಿದ್ದ ರೋಗಿಗಳು

ಕಾಡಿನ ಆಸ್ಪತ್ರೆಯಲ್ಲಿ ಯಾರಿಗೆಷ್ಟು ಔಷಧಿ ಬೇಕೆಂದು ತೀರ್ಮಾನಿಸುವ ಕೆಲಸ ಅಳಿಲಿನದು. ಒಂದು ಶನಿವಾರ ಅದು ಮುದಿ ಬಸವನಹುಳುವಿನ ಬಳಿ ಬಂದು ಹೇಳಿತು: "ಸಂತೋಷದ ಸುದ್ದಿ, ತಾತ. ಈ ವರ್ಷ ನಿಮ್ಮವರೊಬ್ಬರೂ ಆಸ್ಪತ್ರೆಗೆ ಬಂದಿಲ್ಲ. ಎಲ್ಲರೂ ಆರೋಗ್ಯವಾಗಿದ್ದೀರಿ. ನಿಮ್ಮ ಪಾಲಿನ ಔಷಧಿಯನ್ನು ನಾಳೆಯಿಂದ ಮೊಲಗಳಿಗೆ ಕೊಡುತ್ತೇವೆ."

"ಒಂದು ವಾರ ತಡೆಯಪ್ಪ," ಎಂದಿತು ಬಸವನಹುಳು. "ನನ್ನ ಮೊಮ್ಮಗಳು ಜ್ವರವೆಂದು ಸೋಮವಾರವೇ ಹೊರಟಿದ್ದಾಳೆ. ಇಷ್ಟು ಹೊತ್ತಿಗೆ ಆ ಹುತ್ತದವರೆಗಾದರೂ ಹೋಗಿರಬೇಕು."

ಹುತ್ತ ಹತ್ತು ಮಾರು ದೂರದಲ್ಲಿತ್ತು. ಅಳಿಲು ಅಲ್ಲಿಗೆ ಓಡಿತು.

ಮೊಮ್ಮಗಳು ಹುತ್ತದ ನೆರಳಲ್ಲಿ ಸುಸ್ತಾಗಿ ಕುಳಿತಿದ್ದಳು. "ಸ್ವಲ್ಪ ತಡವಾಯಿತು, ಅಣ್ಣ. ಬಾಗಿಲು ಹಾಕಿಬಿಡಬೇಡಿ, ಬರುತ್ತಿದ್ದೇನೆ."

ಅಳಿಲು ಔಷಧಿ ತಂದು ಕುಡಿಸಿತು. ಜ್ವರ ಇಳಿಯುವವರೆಗೆ ಪಕ್ಕದಲ್ಲೇ ಕುಳಿತಿತ್ತು. ಆಮೇಲೆ ಕೇಳಿತು: "ದಾರಿಯಲ್ಲಿ ಇನ್ನು ಯಾರಾದರೂ ಇದ್ದಾರೆಯೇ?"

"ಮುಂದೆ ನಮ್ಮ ಚಿಕ್ಕಮ್ಮ ಇದ್ದಾರೆ. ಯುಗಾದಿ ಮುಗಿಸಿಕೊಂಡು ಹೊರಟವರು. ನಿನ್ನೆ ಕೂಗಿದೆ, ಓಗೊಡಲಿಲ್ಲ."

ಅಳಿಲು ಹೋಗಿ ನೋಡಿತು. ಬರಿಯ ಚಿಪ್ಪು ಆಸ್ಪತ್ರೆಯ ಕಡೆಗೆ ಮುಖ ಮಾಡಿತ್ತು.

ಅದು ಹಿಂತಿರುಗಿ ಬಂದು ಚಿಕ್ಕಮ್ಮನ ಹೆಸರು ಕೇಳಿತು. ಆಸ್ಪತ್ರೆಗೆ ಬಂದವರ ಪಟ್ಟಿಯಲ್ಲಿ ಬಸವನಹುಳುಗಳ ಖಾಲಿ ಪುಟ ತೆರೆದು, ಮೊದಲ ಸಾಲಿನಲ್ಲಿ ಪುಟ್ಟನಂಜಮ್ಮ ಎಂದು ಬರೆಯಿತು.