ಅಡಿವೆಪ್ಪ ತಿರುವಿದ ಚಾಕೊಲೇಟು

ಊರು ಅಂದಮೇಲೆ ಬರೀ ಜಾಣರಿದ್ದರೆ ನಡೆಯುವುದಿಲ್ಲ, ಪೆದ್ದನೂ ಒಬ್ಬ ಬೇಕು. ನಮ್ಮೂರಿಗೆ ಆ ಕೊರತೆ ಇರಲಿಲ್ಲ. ನಮ್ಮಲ್ಲಿ ಅಡಿವೆಪ್ಪ ಇದ್ದ.

ಆಳು ನೋಡಿದರೆ ಆರಡಿ. ಸಂತೆಪೇಟೆಯಲ್ಲಿ ಹಮಾಲಿ. ಕ್ವಿಂಟಲ್ ಚೀಲವನ್ನು ತಲೆದಿಂಬು ಎತ್ತಿದ ಹಾಗೆ ಎತ್ತುತ್ತಿದ್ದ. ಹೇಳಿದ ಕೆಲಸಕ್ಕೆ ಒಲ್ಲೆ ಅಂದವನೇ ಅಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಬಾಗಿಲು ನೋಡಿಕೊಂಡಿರು ಅಂತ ಅವ್ವ ಹೇಳಿಹೋದರೆ ಬಾಗಿಲನ್ನೇ ನೋಡುತ್ತ ಕೂತ. ಹಿತ್ತಲ ಗೋಡೆ ಹಾರಿ ನಾಯಿ ಬಂತು, ಬುಟ್ಟಿಯ ರೊಟ್ಟಿಯನ್ನೆಲ್ಲ ತಿಂದು ಹೋಯಿತು. "ನಾಯಿ ಬಾಗಲದಾಗ ಬರಲೇ ಇಲ್ಲಬೇ" ಅಂದ.

ಅವನ ಅವ್ವ ಕಲ್ಲವ್ವ. ಗಂಡ ಸತ್ತು ಹನ್ನೆರಡು ವರ್ಷ, ಡಾಕ್ಟರಬಾಯಿಯವರ ಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದಳು. ಅವಳಿಗಿದ್ದದ್ದು ಒಂದೇ ಚಿಂತೆ. ಈ ಹುಡುಗನಿಗೆ ದಿನಕ್ಕೆ ಹತ್ತು ಸಲ ಹೇಳಬೇಕು, ಹೇಳಿದ್ದನ್ನು ತಿದ್ದಿ ಮತ್ತೆ ಹೇಳಬೇಕು. ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಹೇಳುವವರು ಯಾರು? ಅದಕ್ಕೇ ಸೊಸೆ ಬೇಕಿತ್ತು. ಐದು ಕಡೆ ಕೇಳಿದಳು. ಐದೂ ಕಡೆಯವರು ಅಡಿವೆಪ್ಪನ ಜೊತೆ ಒಂದು ತಾಸು ಮಾತಾಡಿ, ನೀರು ಕುಡಿದು ಎದ್ದು ಹೋದರು.

ಆರನೆಯ ಸಲಕ್ಕೆ ಕುಂದಗೋಳದ ಸಂಗನಬಸಪ್ಪ ತನ್ನ ಮಗಳು ನೀಲವ್ವನಿಗಾಗಿ ಮನೆ ನೋಡಲು ಬರುತ್ತೇನೆ ಅಂತ ಹೇಳಿ ಕಳಿಸಿದ. ನಮ್ಮ ಕಡೆ ಮನೆ ನೋಡಲು ಬಂದವರು ಸಂಬಂಧ ಒಪ್ಪಿದರೆ ಮಾತ್ರ ಸಿಹಿ ಮುಟ್ಟುತ್ತಾರೆ. ಒಪ್ಪದಿದ್ದರೆ ನೀರು ಕುಡಿದು ಚಪ್ಪಲಿ ಹಾಕಿಕೊಳ್ಳುತ್ತಾರೆ. ಆದರೆ ಈ ಸಂಗನಬಸಪ್ಪನ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ, ಅದು ಯಾರಿಗೂ ಗೊತ್ತಾಗಬಾರದೆಂಬ ಹಟ ಬೇರೆ. ಒಂದು ಮನೆಯವರು ಕರದಂಟು ಇಟ್ಟರು. ಅಪಮಾನವಾಯಿತೆಂದು ಎದ್ದು ಹೋದ. ಇನ್ನೊಂದು ಮನೆಯವರು ಮೆತ್ತಗೆ ಹುಗ್ಗಿ ಬಡಿಸಿದರು. "ಹಲ್ಲಿಲ್ಲಂತ ಹುಗ್ಗಿ ಹಾಕೀರೇನು?" ಅಂತ ಅಲ್ಲಿಂದಲೂ ಎದ್ದು ಹೋದ. ಗಟ್ಟಿ ಇದ್ದರೂ ಸಿಟ್ಟು, ಮೆತ್ತಗಿದ್ದರೂ ಸಿಟ್ಟು.

ಕಲ್ಲವ್ವ ತಲೆ ಮೇಲೆ ಕೈ ಹೊತ್ತು ಕೂತಾಗ ಡಾಕ್ಟರಬಾಯಿಯವರು ದಾರಿ ತೋರಿಸಿದರು. ಅವರು ಓದಲಿಕ್ಕೆಂದು ಎರಡು ವರ್ಷ ಇಟಲಿಯಲ್ಲಿದ್ದವರು.

"ಅಲ್ಲೆ ಬಿಸಿ ಚಾಕೊಲೇಟು ಕುಡೀತಾರ, ಕಲ್ಲವ್ವ. ನಮ್ಮ ಅಂಬಲಿಗಿಂತ ಗಟ್ಟಿ. ಹಲ್ಲಿದ್ದಾವ್ರೂ ಅದನ್ನ ಕುಡೀತಾರ. ಯಾರಿಗೆ ಸಿಟ್ಟು ಬರ್ತದ ಹೇಳು?"

ಹಾಲು, ಕರಿ ಚಾಕೊಲೇಟು, ಕೋಕೋ ಪುಡಿ, ಸಕ್ಕರೆ, ಒಂದು ಚಮಚ ಕಾರ್ನ್‌ಫ್ಲೋರ್. ಇಷ್ಟೇ ಸಾಮಾನು. ಸಣ್ಣ ಉರಿಯ ಮೇಲಿಟ್ಟು ತಿರುವಬೇಕು, ತಿರುವುತ್ತಲೇ ಇರಬೇಕು. ಕೈ ನಿಂತರೆ ಗಂಟು, ಮನಸ್ಸು ಅತ್ತ ಹೋದರೆ ತಳ ಹಿಡಿಯಿತು.

ಗುರುವಾರ ಬೀಗರು ಬರುವವರು. ಸೋಮವಾರ ಕಲ್ಲವ್ವ ಮಗನನ್ನು ಕರೆದಳು.

"ಸ್ಟೇಷನ್ ಹತ್ರದ ಬೇಕರಿಗೆ ಹೋಗಿ ಕರಿ ಚಾಕೊಲೇಟು ತಗೊಂಡು ಬಾ. ತುಟ್ಟಿ ಸಾಮಾನದ. ಎದಿಗೆ ಅವಚಿಕೊಂಡು ತರಬೇಕು."

"ಆತಬೇ."

ಏಪ್ರಿಲ್ ತಿಂಗಳ ಬಿಸಿಲು. ಅಡಿವೆಪ್ಪ ಚಾಕೊಲೇಟನ್ನು ಅಂಗಿಯ ಕಿಸೆಗೆ ಹಾಕಿ, ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದು ಎರಡು ಮೈಲಿ ನಡೆದು ಬಂದ. ಮನೆ ಮುಟ್ಟುವ ಹೊತ್ತಿಗೆ ಅಂಗಿ, ಬನಿಯನ್ನು, ಎದೆಯ ಕೂದಲು ಎಲ್ಲ ಒಂದೇ ಬಣ್ಣ.

"ಅಯ್ಯ ನನ್ನ ಖೋಡೀ, ಬಿಸಲಾಗ ಕರಗೂ ಸಾಮಾನು ಹಿಂಗ ತರೂದೇನೋ? ತಂಬಿಗ್ಯಾಗ ತಣ್ಣೀರು ಹಾಕಿ, ಅದರಾಗ ಮುಣುಗಿಸಿ ತರಬೇಕಪಾ."

"ಇನ್ನೊಮ್ಮೆ ಹಂಗ ಮಾಡ್ತೀನಿಬೇ."

ಕಲ್ಲವ್ವ ಕಿಸೆಯಿಂದ ಬಳಿದು ತಾಟಿಗೆ ಹಾಕಿದಳು. ಅರ್ಧ ಸಿಕ್ಕಿತು, ಅರ್ಧ ಮಗನಿಗೆ ಅಂಟಿಕೊಂಡಿತು. ಸಿಕ್ಕಿದ ಅರ್ಧವನ್ನು ಡಾಕ್ಟರಬಾಯಿಯವರ ಫ್ರಿಜ್ಜಿನಲ್ಲಿಟ್ಟಳು.

ಮಂಗಳವಾರ ಕೋಕೋ ಪುಡಿ ಮತ್ತು ಕಾರ್ನ್‌ಫ್ಲೋರ್ ತರಲು ಕಳಿಸಿದಳು. ಅಡಿವೆಪ್ಪ ಹೊರಡುವಾಗಲೇ ತಂಬಿಗೆ ಹಿಡಿದುಕೊಂಡ. ಅಂಗಡಿಯವನು ಬೇಡವೆಂದರೂ ಕೇಳಲಿಲ್ಲ, ಎರಡೂ ಪುಡಿಗಳನ್ನು ನೀರಿಗೆ ಸುರಿದು, ಚೆನ್ನಾಗಿ ಮುಳುಗಿಸಿ, ಬೆರಳು ಹಾಕಿ ಮುಳುಗಿದವೋ ಇಲ್ಲವೋ ಅಂತ ನೋಡಿ ತಂದ.

ಕಲ್ಲವ್ವ ತಂಬಿಗೆಯೊಳಗೆ ಇಣುಕಿದಳು. ಮಳೆಗಾಲದ ಕೆರೆ ಕಂಡಿತು.

"ಪುಡಿ ಯಾರರ ನೀರಾಗ ಹಾಕ್ತಾರೇನೋ ಮಂಗ್ಯಾ? ಅರಿವ್ಯಾಗ ಗಂಟು ಕಟ್ಟಿ, ಕೋಲಿಗೆ ಸಿಗಿಸಿ, ಹೆಗಲ ಮ್ಯಾಲ ಹೊತ್ಕೊಂಡು ಬರಬೇಕು."

"ಮೊದಲ ಹೇಳಬೇಕಿಲ್ಲೋಬೇ? ಇನ್ನೊಮ್ಮೆ ಹಂಗ ಮಾಡ್ತೀನಿ."

ಅವಳು ಡಾಕ್ಟರಬಾಯಿಯವರ ಡಬ್ಬಿಯಿಂದ ಎರಡೂ ಪುಡಿಗಳನ್ನು ಕೇಳಿ ತಂದಳು. ನಾಚಿಕೆಯಾಯಿತು, ಆದರೂ ತಂದಳು. ಸೊಸೆ ಬರಬೇಕಲ್ಲ.

ಬುಧವಾರ ಗೌಳಿಯ ಮನೆಯಿಂದ ಎಮ್ಮೆ ಹಾಲು. ಹೌದು, ನೀವು ಅಂದುಕೊಂಡ ಹಾಗೇ ಆಯಿತು. ಅಡಿವೆಪ್ಪ ಹೆಗಲ ಮೇಲಿನ ಟವೆಲ್ಲು ಹಾಸಿ ಎರಡು ಲೀಟರು ಹಾಲು ಹೊಯ್ಯಿಸಿಕೊಂಡು ಗಂಟು ಕಟ್ಟಿದ, ಗಂಟನ್ನು ಕೋಲಿಗೆ ಸಿಗಿಸಿದ, ಕೋಲನ್ನು ಹೆಗಲಿಗಿಟ್ಟ. ಮನೆಗೆ ಬಂದಾಗ ಕೋಲಿನ ತುದಿಗೆ ಹಸಿ ಟವೆಲ್ಲು, ಅವನ ಹಿಂದೆ ಓಣಿಯ ಒಂಬತ್ತು ಬೆಕ್ಕು.

ಕಲ್ಲವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

"ಹಾಲು ಅಂದ್ರ ಡಬ್ಬ್ಯಾಗ ಹಾಕಬೇಕು. ಮುಚ್ಚಳ ಬಿಗಿಯಾಗಿ ಒತ್ತಬೇಕು. ಹೆಗಲ ಮ್ಯಾಲ ಇಟ್ಕೊಂಡು, ಯಾರು ಕರದ್ರೂ ನಿಲ್ಲದ, ತುಳುಕಿಸದಂಗ ಸೀದಾ ಮನಿಗೆ ತರಬೇಕು. ತಿಳೀತೇನು?"

"ತಿಳೀತಬೇ. ಡಬ್ಬಿ, ಮುಚ್ಚಳ, ಹೆಗಲು, ಸೀದಾ ಮನಿ."

ಆಮೇಲೆ ಬೀಗರ ಮುಂದೆ ಹೇಗಿರಬೇಕೆಂದೂ ಹೇಳಿದಳು. ಕೈ ಮುಗಿ, ಕಾಲು ಮುಟ್ಟು, ಮೆಲ್ಲಗೆ ಮಾತಾಡು. ಅಡಿವೆಪ್ಪ ಅದಕ್ಕೂ ಹೂಂ ಅಂದ. ಅವನ ತಲೆ ಹಾಲಿನ ಮಾತಿಗೇ ತುಂಬಿಹೋಗಿತ್ತು.

ಗುರುವಾರ ಬೆಳಿಗ್ಗೆ ಕಲ್ಲವ್ವ ತಾನೇ ಹೋಗಿ ಹಾಲು ತಂದಳು. ಒಲೆಯ ಕೆಲಸ ಬಿಟ್ಟು ಬರುವಂತಿರಲಿಲ್ಲ, ಹಾಗಾಗಿ ಮಗನನ್ನೇ ಬಸ್ ಸ್ಟ್ಯಾಂಡಿಗೆ ಕಳಿಸಿದಳು.

"ಬೀಗರನ್ನ ಜೋಪಾನ ಕರಕೊಂಡು ಬಾ. ನಿನ್ನಿ ಹೇಳಿದ್ದು ಮರೀಬ್ಯಾಡ."

"ಮರಿಯಂಗಿಲ್ಲಬೇ."

ಮರೆಯಲೂ ಇಲ್ಲ. ಬಸ್ಸು ಬಂತು. ಸಂಗನಬಸಪ್ಪ ಇಳಿದ, ಹಿಂದೆ ನೀಲವ್ವ ಇಳಿದಳು. ತಾಯಿಯಿಲ್ಲದ ಹುಡುಗಿ, ತಂದೆಯನ್ನು ಒಬ್ಬನೇ ಎಲ್ಲಿಗೂ ಬಿಡುತ್ತಿರಲಿಲ್ಲ. ಅಡಿವೆಪ್ಪ ಮುಂದೆ ಬಂದು ಹಿರಿಯರ ಅಳತೆ ನೋಡಿದ. ಅವರ ತಲೆಯ ರುಮಾಲನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚುವ ತನಕ ಕೆಳಗೆ ಒತ್ತಿದ. ಆಮೇಲೆ ಅವರನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಹೊರಟ.

"ಇಳಸೋ! ಯಾವನೋ ನೀನು?"

ಯಾರು ಕರೆದರೂ ನಿಲ್ಲಬಾರದಲ್ಲ, ಅಡಿವೆಪ್ಪ ನಿಲ್ಲಲಿಲ್ಲ. ಪೇಟೆಯ ನಡುವೆ, ಹಮಾಲರು, ತರಕಾರಿಯವರು, ಶಾಲೆಯ ಮಕ್ಕಳು ನೋಡುತ್ತಿದ್ದಂತೆ, ಕುಂದಗೋಳದ ದೊಡ್ಡ ಮನುಷ್ಯ ತುಳುಕದ ಹಾಗೆ ಬಂದು ಮುಟ್ಟಿದ. ಹಿಂದೆ ನೀಲವ್ವ ಓಡುತ್ತ ಬಂದಳು. ಮೊದಲ ತಿರುವಿನ ತನಕ ಅವಳಿಗೆ ಸಿಟ್ಟಿತ್ತು. ಎರಡನೆಯ ತಿರುವಿಗೆ ಬಾಯಿಗೆ ಸೆರಗು ಒತ್ತಿಕೊಂಡಳು.

ಕಲ್ಲವ್ವ ಬಾಗಿಲಲ್ಲಿ ನಿಂತು ನೋಡಿದಳು. ಅವಳ ಜೀವ ಅಲ್ಲೇ ಅರ್ಧ ಹೋಯಿತು.

"ನೀರು ಕೊಡ್ರಿ," ಅಂದ ಸಂಗನಬಸಪ್ಪ, ರುಮಾಲು ಮೇಲೆತ್ತಿ. "ಕುಡದು ಹೋಗ್ತೀವಿ."

ನೀರು ಅಂದರೆ ಏನರ್ಥವೆಂದು ಅವಳಿಗೆ ಗೊತ್ತಿತ್ತು. ಮಗನನ್ನು ಅಡಿಗೆಮನೆಗೆ ಎಳೆದುಕೊಂಡು ಹೋದಳು. ಬೈಯಲು ಬಾಯಿ ತೆರೆದಳು, ಆದರೆ ಒಲೆಯ ಮೇಲಿನ ಬೋಗಾಣಿಯಲ್ಲಿ ಹಾಲು, ಚಾಕೊಲೇಟು, ಪುಡಿ, ಸಕ್ಕರೆ ಎಲ್ಲ ಸೇರಿ ಬಿಸಿಯಾಗತೊಡಗಿತ್ತು. ಇಲ್ಲಿ ತಿರುವಬೇಕು, ಅಲ್ಲಿ ಬೀಗರನ್ನು ಹಿಡಿದಿಡಬೇಕು. ಇದ್ದವಳು ಒಬ್ಬಳೇ.

"ಲೇ ಅಡಿವೆಪ್ಪ, ಇದನ್ನ ತಿರುವು. ಉರಿ ಮುಟ್ಟಬ್ಯಾಡ. ಕೈ ನಿಲ್ಲಿಸಬ್ಯಾಡ. ಆಕಾಶ ಬಿದ್ರೂ ಆ ಕಡೆ ನೋಡಬ್ಯಾಡ. ಚಮಚದ ಬೆನ್ನಿಗೆ ದಪ್ಪಗ ಹತ್ತಿದ ಕೂಡಲೇ ಕಪ್ಪಿಗೆ ಹಾಕಿ ತಾ."

"ಆತಬೇ."

ಅವಳು ಹೊರಗೆ ಹೋಗಿ ಕೈ ಮುಗಿದಳು, ಗಾಳಿ ಹಾಕಿದಳು, ಊರ ಸುದ್ದಿ ತೆಗೆದಳು. ಸಂಗನಬಸಪ್ಪ ಎರಡು ಸಲ ಚಪ್ಪಲಿ ಹುಡುಕಿದ. ನೀಲವ್ವನೇ ಅವನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದ್ದಳು.

ಒಳಗೆ ಅಡಿವೆಪ್ಪ ತಿರುವಿದ. ನೊಣ ಬಂದು ಮೂಗಿನ ಮೇಲೆ ಕೂತಿತು, ತಿರುವಿದ. ಬೆಕ್ಕು ಬಂದು ಸಕ್ಕರೆ ಡಬ್ಬಿ ಕೆಡವಿತು, ತಿರುವಿದ. ನೀವಾಗಿದ್ದರೆ, ನಾನಾಗಿದ್ದರೆ, ಒಂದು ಸಲ ಹೊರಗೆ ಇಣುಕುತ್ತಿದ್ದೆವು, ಗಂಟು ಕಟ್ಟುತ್ತಿತ್ತು. ಅವನು ಇಣುಕಲಿಲ್ಲ. ಎರಡು ಕಪ್ಪು ತುಂಬಿಕೊಂಡು ಬಂದು ಬೀಗರ ಮುಂದಿಟ್ಟ. ಕಪ್ಪಾಗಿ, ನುಣ್ಣಗೆ, ಹೊಳೆಯುವಂತಿತ್ತು.

"ಇದೇನಿದು?" ಅಂದ ಸಂಗನಬಸಪ್ಪ.

"ಇಟಲೀದ್ರೀ. ಅಲ್ಲೆ ಹಲ್ಲಿದ್ದಾವ್ರು ಕುಡೀತಾರಂತ," ಅಂದಳು ಕಲ್ಲವ್ವ.

ಹಲ್ಲಿದ್ದವರು ಅಂದಮೇಲೆ ಬಿಡುವುದುಂಟೆ? ಒಂದು ಚಮಚ ಬಾಯಿಗಿಟ್ಟ. ನಾಲಿಗೆಯ ಮೇಲೆ ತಾನಾಗಿ ಹರಡಿತು, ತಾನಾಗಿ ಇಳಿಯಿತು. ಸಂಗನಬಸಪ್ಪ ಕಣ್ಣು ಮುಚ್ಚಿದ. ಕಪ್ಪು ಮುಗಿಯಿತು. ಮಗಳ ಕಪ್ಪಿಗೂ ಕೈ ಹಾಕಿದ.

"ಅಪ್ಪಾ, ಸಿಹಿ ಮುಟ್ಟಿದ್ರಿ," ಅಂದಳು ನೀಲವ್ವ.

ಆಗ ಅವನಿಗೆ ನೆನಪಾಯಿತು. ತಡವಾಗಿತ್ತು. "ನಿನ್ನ ಮಾತೇನು?" ಅಂತ ಮಗಳನ್ನು ಕೇಳಿದ.

"ಬಿಸಲಾಗ ತಿರಗಬ್ಯಾಡ್ರಿ ಅಂತ ಹತ್ತು ವರ್ಷದಿಂದ ನಿಮಗ ಹೇಳಾಕತ್ತೇನಿ, ಒಂದಿನಾ ಕೇಳಿಲ್ಲ. ಹೇಳಿದ್ದು ಮಾಡೋ ಗಂಡಸು ಎಲ್ಲಿ ಸಿಗ್ತಾನ್ರೀ? ಹೇಳೂದು ನನಗ ಬರ್ತದ."

ಕಲ್ಲವ್ವ ಗೋಡೆಗೆ ಒರಗಿ ಕೂತುಬಿಟ್ಟಳು. ಹನ್ನೆರಡು ವರ್ಷದ ಚಿಂತೆ ಒಂದು ಚಮಚದಲ್ಲಿ ಇಳಿದಿತ್ತು. ಕಣ್ಣು ಒರೆಸಿಕೊಂಡು ಒಂದು ತಿಂಗಳ ಮೇಲಿನ ಮುಹೂರ್ತದ ಮಾತಾಡಿದಳು.

ಹೊರಡುವಾಗ ನೀಲವ್ವ ಅಡಿವೆಪ್ಪನ ಕಡೆ ತಿರುಗಿ ಮೆಲ್ಲಗೆ ಅಂದಳು. ಚೇಷ್ಟೆಗೆ ಅಂದದ್ದು, ಹುಡುಗಿ ಎಷ್ಟು ಜಾಣೆಯಾದರೂ ಅವಳಿಗಿನ್ನೂ ಅವನ ರೂಢಿ ಇರಲಿಲ್ಲ.

"ನನ್ನ ಪಾಲು ಅಪ್ಪ ಕುಡದ್ರು. ಬೋಗಾಣ್ಯಾಗ ಉಳದದ್ದು ನಂದು. ನಾ ಈ ಅಡಗಿಮನ್ಯಾಗ ಕಾಲಿಡೋತನಕ ಆರಗೊಡಬ್ಯಾಡ್ರಿ."

"ಆತ್ರಿ," ಅಂದ ಅಡಿವೆಪ್ಪ.

ಅವರು ಬಸ್ಸು ಹತ್ತಿದರು. ಅವನು ಒಲೆ ಹಚ್ಚಿದ.

ಸಂಜೆಯಾಯಿತು, ಮರುದಿನವಾಯಿತು, ಅಡಿವೆಪ್ಪ ಏಳಲಿಲ್ಲ. ಗಟ್ಟಿಯಾದಾಗ ಹಾಲು ಹೊಯ್ದ, ಮತ್ತೆ ತಿರುವಿದ. "ಆಕಿ ನಗಚಾಟಕಿ ಅಂದಾಳೋ ನನ್ನಪ್ಪಾ" ಅಂತ ಕಲ್ಲವ್ವ ಬಡಿದುಕೊಂಡಳು. "ಆರಗೊಡಬ್ಯಾಡ ಅಂದಾಳಬೇ, ನಗಚಾಟಕಿ ಅಂತ ಅಂದಿಲ್ಲ" ಅಂದ. ಹಮಾಲಿ ಹೋಯಿತು, ನಿದ್ದೆ ಹೋಯಿತು. ಶನಿವಾರ ಕಲ್ಲವ್ವ ಮಠಕ್ಕೆ ಓಡಿದಳು. "ಅಯ್ಯನವರ, ನನ್ನ ಸಿಲಿಂಡರ್ ಮುಗಿಯೂದರೊಳಗ ಒಂದು ಮುಹೂರ್ತ ನೋಡ್ರಿ" ಅಂತ ಕಾಲು ಹಿಡಿದಳು. ಅಯ್ಯನವರು ಪಂಚಾಂಗವನ್ನು ಎರಡು ಸಲ ತಿರುವಿ ಸೋಮವಾರಕ್ಕೆ ಬಂದು ನಿಂತರು.

ಸೋಮವಾರ ಮನೆಯ ಮುಂದೆಯೇ ಹಂದರ ಹಾಕಿದರು. ಓಲಗ ಬಂತು, ಬೀಗರು ಬಂದರು, ನೀಲವ್ವ ಹಂದರದಲ್ಲಿ ಬಂದು ಕೂತಳು. ಮದುಮಗ ಮಾತ್ರ ಏಳಲಿಲ್ಲ.

"ಬಂದಾಳೋ, ಏಳೋ" ಅಂದಳು ಕಲ್ಲವ್ವ.

"ಹಂದರದಾಗ ಬಂದಾಳಬೇ. ಅಡಗಿಮನ್ಯಾಗ ಕಾಲಿಟ್ಟಿಲ್ಲ."

ತಾಳಿ ಕಟ್ಟುವ ಮೊದಲು ಹುಡುಗಿ ಅಡಿಗೆಮನೆಗೆ ಬರುವಂತಿಲ್ಲ, ಹುಡುಗಿ ಅಡಿಗೆಮನೆಗೆ ಬರದೆ ಹುಡುಗ ತಾಳಿ ಕಟ್ಟಲು ಏಳುವಂತಿಲ್ಲ. ಹೊರಗೆ ಅಯ್ಯನವರು ಮುಹೂರ್ತ ಮೀರುತ್ತದೆಂದು ಕೂಗುತ್ತಿದ್ದರು. ಕೊನೆಗೆ ಅಡಿವೆಪ್ಪನೇ ದಾರಿ ಹುಡುಕಿದ. ಚಮಚವನ್ನು ಅವ್ವನ ಕೈಗೆ ಕೊಟ್ಟ.

"ಯವ್ವಾ, ಕೈ ನಿಲ್ಲಿಸಬ್ಯಾಡ. ಆಕಾಶ ಬಿದ್ರೂ ಆ ಕಡೆ ನೋಡಬ್ಯಾಡ."

ಹೀಗೆ ಊರಿಗೆ ಊರೇ ಹಂದರದಲ್ಲಿ ನಿಂತು ಅಡಿವೆಪ್ಪನ ಮದುವೆ ನೋಡಿತು. ಅವನನ್ನು ಹೆತ್ತವಳು ಅಡಿಗೆಮನೆಯಲ್ಲಿ ಕೂತು, ಓಲಗದ ಸದ್ದು ಜೋರಾದಾಗ ಎಡಗೈಯಿಂದ ಕಿಟಕಿಯಾಚೆ ಅಕ್ಕಿಕಾಳು ಎಸೆದಳು. ಬಲಗೈ ತಿರುವುತ್ತಲೇ ಇತ್ತು, ಆ ಕಡೆ ಒಂದು ಸಲವೂ ನೋಡಲಿಲ್ಲ.